ಸಪೂರ ಆದದ್ದು, ತೋರ ಆದದ್ದು

ಈ ಸಲ ಬರೆದದ್ದು ಸ್ವಲ್ಪ ಉದ್ದ ಉಂಟು. ಮಧ್ಯಾಹ್ನ ಅಡ್ಡ ಆಗುವ ಮೊದಲು ಓದಿ. ಇಲ್ಲದಿದ್ರೆ ಬೆಳಿಗ್ಗೆ ಹೂ ಕಟ್ಟುವಾಗ ಒಬ್ರು ಓದಿ ಹೇಳಿ, ಉಳಿದವರು ಕೇಳಿ.

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಮನೆಯ ಉಪನಯನಕ್ಕೆ ಬಂದವರು ಐದಾರು ಜನ ನನ್ನ ಮಗಳನ್ನು ನೋಡಿ "ಎಷ್ಟು ಚಂದ ಸಪೂರ ಆಗಿದ್ದಾಳೆ ಮಾರಾಯ್ತಿ, ಎಂತ ಮಾಡಿದ್ಲು?" ಅಂತ ಕೇಳಿದ್ರಿ. ಮೊನ್ನೆ ಗೃಹಪ್ರವೇಶದಲ್ಲಿ ಹೆಚ್ಚುಕಮ್ಮಿ ಅದೇ ಐದಾರು ಜನ "ಅಯ್ಯೋ, ತೋರ ಆದ್ಲಲ್ಲ, ಸೈಕಲ್ ಬಿಟ್ಲಾ?" ಅಂತ ಕೇಳಿದ್ರಿ. ಬಿಡ್ಲಿಲ್ಲ. ಆಗಿನಕ್ಕಿಂತ ಈಗ ಜೋರು ತುಳೀತಾಳೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುದಕ್ಕಿಂತ ಎಲ್ರಿಗೂ ಒಟ್ಟಿಗೆ ಬರೆಯುದು ಸುಲಭ ಅಂತ ಕಂಡಿತು. ಅವಳ ಹತ್ರ ಕೇಳಿಯೇ ಬರೆಯುದು. "ಬರಿ ಅಮ್ಮ, ಹೆಸರು ಮಾತ್ರ ಹಾಕ್ಬೇಡ" ಅಂದಿದ್ದಾಳೆ. ಹೆಸರು ನಿಮಗೆಲ್ಲ ಗೊತ್ತಿದ್ದದ್ದೇ, ಆದ್ರೂ ಹಾಕುದಿಲ್ಲ.

ನಮ್ಮ ಮನೆಗೆ ಸೈಕಲ್ ಹೊಸತಲ್ಲ. ಮಾವ ಇದ್ದಾಗ ಹೂವಿನ ಕಟ್ಟನ್ನು ಕ್ಯಾರಿಯರಿಗೆ ಕಟ್ಟಿ ಶಂಕರಪುರದಿಂದ ಕಟಪಾಡಿಗೆ ತುಳ್ಕೊಂಡು ಹೋಗ್ತಿದ್ರು. ಮಗಳದ್ದು ಬೇರೆ ಜಾತಿಯ ಸೈಕಲ್, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಬಗ್ಗಿದ್ದು, ಟಯರು ಬೆರಳಿನಷ್ಟು ಸಪೂರ, ಸ್ಟ್ಯಾಂಡೇ ಇಲ್ಲ, ಗೋಡೆಗೆ ಒರಗಿಸಿ ಇಡ್ಬೇಕು. ಬೆಳಿಗ್ಗೆ ಐದೂವರೆಗೆ ಹೊರಟು ಬಂಟಕಲ್ಲು, ಶಿರ್ವದ ಕಡೆ ಏರಿ ಇಳಿದು ಬರುದು. ವಾರಕ್ಕೊಮ್ಮೆ ಮಣಿಪಾಲದ ಹುಡುಗ ಹುಡುಗಿಯರ ಒಟ್ಟಿಗೆ ದೂರದ ಸವಾರಿ, ಕೆಲವು ಸಲ ಆಗುಂಬೆ ಘಾಟಿ. ನಮ್ಮ ರಾಜ್ಯದಲ್ಲಿ ಸೈಕಲ್ ರೇಸ್ ಅಂದ್ರೆ ವಿಜಯಪುರ, ಬಾಗಲಕೋಟೆ ಅಂತಾರೆ. ನಮ್ಮ ಕರಾವಳಿಯಲ್ಲಿ ರೇಸಿಗೆ ಹೋಗುವ ಹುಡುಗಿಯರು ಕಮ್ಮಿ. ಹಾಗಾಗಿ ಅವಳಿಗೆ ತರಬೇತಿ ಅಂದ್ರೆ ಮೊಬೈಲಲ್ಲೇ. ಒಬ್ಬ ಆನ್‌ಲೈನ್ ಕೋಚ್ ಇದ್ದ. ಅವನು ಹೇಳಿದ್ದು, "ಐದು ಕೆಜಿ ಇಳಿಸು, ಘಾಟಿಯಲ್ಲಿ ಹಾರ್ತಿ."

ಅದರಲ್ಲಿ ಅರ್ಧ ನಿಜ ಉಂಟು ಅಂತ ಮೊದಲೇ ಹೇಳ್ತೇನೆ. ಏರಿನಲ್ಲಿ ತುಳಿಯುವಾಗ ಹೆಚ್ಚಿನ ಕಷ್ಟ ನಮ್ಮ ಭಾರವನ್ನು ನಾವೇ ಎತ್ತುದು. ತುಂಬಿದ ಕೊಡಪಾನ ಹಿಡ್ಕೊಂಡು ಮೆಟ್ಲು ಹತ್ತುದಕ್ಕೂ ಖಾಲಿ ಕೈಯಲ್ಲಿ ಹತ್ತುದಕ್ಕೂ ವ್ಯತ್ಯಾಸ ಇಲ್ವಾ, ಹಾಗೆ. ಆದ್ರೆ ಭಾರ ಇಳಿಯುವಾಗ ಎತ್ತುವ ಶಕ್ತಿಯೂ ಒಟ್ಟಿಗೇ ಇಳಿದ್ರೆ? ಅದನ್ನು ಅವನು ಹೇಳ್ಲಿಲ್ಲ.

ಮೊದಲು ಗೊತ್ತಾದದ್ದು ನಮ್ಮ ಅತ್ತೆಗೆ. ನಮ್ಮ ಮನೆಯಲ್ಲಿ ಹೊರಗಾದವರು ಮೂರು ದಿನ ದೇವರ ಕೋಣೆಯ ಕಡೆ ಹೋಗುದಿಲ್ಲ. ಈ ಪದ್ಧತಿ ಬೇಕಾ ಬೇಡ್ವಾ ಅಂತ ನನ್ನದೂ ಮಗಳದ್ದೂ ಎಷ್ಟೋ ಸಲ ಚರ್ಚೆ ಆಗಿದೆ, ಅದನ್ನು ಇನ್ನೊಮ್ಮೆ ಬರೀತೇನೆ. ಆದ್ರೆ ಅದ್ರಿಂದಾಗಿ ಮನೆಯ ಹಿರಿಯ ಹೆಂಗಸಿಗೆ ಎಲ್ಲರ ಲೆಕ್ಕವೂ ಗೊತ್ತಿರ್ತದೆ. ಉಪನಯನ ಕಳೆದ ಮರುದಿನ ಚಪ್ಪರ ಬಿಚ್ಚುವಾಗ ಅತ್ತೆ ನನ್ನನ್ನು ಹಿಂದಿನ ಜಗಲಿಗೆ ಕರೆದ್ರು. "ಶಿವರಾತ್ರಿಗೆ ಅವಳು ಒಳಗೇ ಇದ್ಲು. ಬಿಸುವಿಗೆ ಕಣಿ ಇಟ್ಟದ್ದೂ ಅವಳೇ. ಮೊನ್ನೆ ಮೂರು ದಿನ ಬಡಿಸ್ಲಿಕ್ಕೂ ಇದ್ಲು. ಎಡೆಯಲ್ಲಿ ಒಂದ್ಸಲವೂ ಹೊರಗಾದದ್ದು ನಾ ಕಾಣ್ಲಿಲ್ಲ. ಎಂತ ಕತೆ?"

ಮಗಳ ಹತ್ರ ಕೇಳಿದೆ. ಜನವರಿಯ ನಂತರ ಆಗ್ಲೇ ಇಲ್ಲವಂತೆ. "ಜೋರು ಪ್ರಾಕ್ಟೀಸ್ ಮಾಡಿದ್ರೆ ನಿಲ್ತದಂತೆ ಅಮ್ಮ, ಎಲ್ರಿಗೂ ಹಾಗೇ ಅಂತೆ, ರಗಳೆಯೇ ಇಲ್ಲ" ಅಂದ್ಲು. ಅವಳ ಮುಖದಲ್ಲಿ ಹೆದರಿಕೆಯೇ ಇರ್ಲಿಲ್ಲ. ಎಂತದೋ ಒಂದು ಪರೀಕ್ಷೆ ಪಾಸಾದ ಹಾಗೆ ಹೇಳಿದ್ಲು. ನನಗೆ ಹೊಟ್ಟೆಯಲ್ಲಿ ಚುಳುಕ್ ಅಂದದ್ದು ಆಗ.

ನಾನು ಇಪ್ಪತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದವಳು, ಎಂತಾದ್ರೂ ಆದ್ರೆ ಮೊದಲು ಹುಡುಕಿ ಓದುದು ಅಭ್ಯಾಸ. ಸೈಕಲ್ ತುಳಿಯುವವರ ಮೇಲೆ ಎಷ್ಟು ಸಂಶೋಧನೆ ಆಗಿದೆ ಅಂದ್ರೆ ನೀವು ನಂಬ್ಲಿಕ್ಕಿಲ್ಲ. ಕಾರಣವೂ ಉಂಟು. ಓಡುವವರನ್ನು ಅಳೆಯುದು ಕಷ್ಟ. ಸೈಕಲನ್ನು ಲ್ಯಾಬಿನ ಒಳಗೆ ನೆಲಕ್ಕೆ ಕಚ್ಚಿಸಿ ಇಟ್ಟು, ಎಷ್ಟು ಶಕ್ತಿ ಹಾಕಿದ್ರು ಅಂತ ಸರಿಯಾಗಿ ಅಳೀಬಹುದು, ಮೂಗು ಬಾಯಿಗೆ ಮಾಸ್ಕ್ ಹಾಕಿ ಉಸಿರನ್ನೂ ಅಳೀಬಹುದು, ತುಳಿಯುವಾಗಲೇ ಬೆರಳಿಗೆ ಚುಚ್ಚಿ ರಕ್ತ ತೆಗೀಬಹುದು.

1966ರಲ್ಲಿ ಸ್ವೀಡನ್ನಿನಲ್ಲಿ ಬರ್ಗ್‌ಸ್ಟ್ರೋಮ್, ಹುಲ್ಟ್‌ಮನ್ ಅಂತ ಇಬ್ರು ಒಂದು ಕೆಲಸ ಮಾಡಿದ್ರು. ಒಂದೇ ಸೈಕಲ್ಲಿನ ಎಡಬಲಕ್ಕೆ ಇಬ್ರೂ ಕೂತು, ಒಬ್ಬೊಬ್ಬರು ಒಂದೊಂದೇ ಕಾಲಲ್ಲಿ, ಪೂರಾ ಬಚ್ಚುವ ತನಕ ತುಳಿದ್ರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಕಡೆಗೆ ಮೂರು ದಿನ ಅನ್ನ, ಬ್ರೆಡ್ಡಿನ ಹಾಗಿದ್ದ ಹಿಟ್ಟಿನ ಆಹಾರವನ್ನೇ ಹೆಚ್ಚು ತಿಂದು, ಸೂಜಿಯಲ್ಲಿ ಎರಡೂ ತೊಡೆಯಿಂದ ಚೂರು ಮಾಂಸ ತೆಗೆದು ನೋಡಿದ್ರು. ಮಾಂಸಖಂಡದಲ್ಲಿ ಗ್ಲೈಕೋಜನ್ ಅಂತ ಒಂದು ದಾಸ್ತಾನು ಇರ್ತದೆ, ನಾವು ತಿಂದ ಗಂಜಿ, ಅನ್ನ ಎಲ್ಲ ಕಡೆಗೆ ಅಲ್ಲಿ ಹೋಗಿ ಕೂರುದು. ತುಳಿದು ಖಾಲಿಯಾದ ಕಾಲಿನಲ್ಲಿ ಸುಮ್ಮನಿದ್ದ ಕಾಲಿನ ಎರಡು ಪಟ್ಟಿನಷ್ಟು ದಾಸ್ತಾನು ತುಂಬಿತ್ತು. ದುಡಿದ ಕಾಲು ಹೆಚ್ಚು ಕೇಳಿತು, ಕೊಟ್ಟ ಕೂಡ್ಲೇ ಹೆಚ್ಚು ತುಂಬಿಸಿಕೊಂಡಿತು. ಕೊಡದಿದ್ರೆ ತುಂಬುದೆಲ್ಲಿಂದ?

1986ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಾಯ್ಲ್ ಎನ್ನುವವರ ತಂಡ ಪಳಗಿದ ಸೈಕಲ್ ಸವಾರರನ್ನು ಬರೀ ರುಚಿನೀರು ಕುಡಿಸಿ ತುಳಿಸಿತು. ಮೂರು ಗಂಟೆಗೆ ಕೈಚೆಲ್ಲಿದ್ರು. ಅವರಿಗೇ ಇನ್ನೊಂದು ದಿನ ಇಪ್ಪತ್ತು ನಿಮಿಷಕ್ಕೊಮ್ಮೆ ಸಕ್ಕರೆಯ ಜಾತಿಯ ಪಾನಕ ಕೊಟ್ರು, ನಾಲ್ಕು ಗಂಟೆ ತುಳಿದ್ರು. 2004ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೂ ತಮಾಷೆಯದ್ದು: ಆ ಪಾನಕವನ್ನು ನುಂಗ್ಲಿಕ್ಕಿಲ್ಲ, ಬಾಯಿ ಮುಕ್ಕಳಿಸಿ ಉಗುಳುದು. ಆದ್ರೂ ಒಂದು ಗಂಟೆಯ ದೂರಕ್ಕೆ ಒಂದೂ ಮುಕ್ಕಾಲು ನಿಮಿಷದಷ್ಟು ಬೇಗ ಮುಗಿಸಿದ್ರು. ಹಿಟ್ಟಿನ ಅಂಶ ಬಾಯಿಗೆ ತಾಗಿದ್ದೇ ಮಿದುಳಿಗೆ ಸುದ್ದಿ ಹೋಗ್ತದಂತೆ. ಇದನ್ನು ಓದಿ ಹೇಳಿದಾಗ ಅತ್ತೆ, "ಮತ್ತೆ ನಾವು ಬಂದವರಿಗೆ ಬೆಲ್ಲ ನೀರು ಕೊಡುದು ಸುಮ್ಮನೆಯಾ?" ಅಂದ್ರು. ನಮ್ಮ ಹಿರಿಯರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು ಅನ್ನುವ ಜಾತಿ ನಾನಲ್ಲ, ಆದ್ರೂ ಬಿಸಿಲಲ್ಲಿ ಬಂದವನಿಗೆ ಬೆಲ್ಲದ ತುಂಡು ಬಾಯಿಗೆ ಹಾಕಿದ ಕೂಡ್ಲೇ ಹಿತ ಆಗುದಂತೂ ಹೌದು.

ಕಾಫಿಯದ್ದೂ ಉಂಟು. 1978ರಲ್ಲಿ ಕಾಸ್ಟಿಲ್ ಎನ್ನುವವರು ಒಂಬತ್ತು ರೇಸ್ ಸವಾರರಿಗೆ ತುಳಿಯುವ ಒಂದು ಗಂಟೆ ಮೊದಲು ಕಾಫಿ ಕೊಟ್ರು. ಕೆಫೀನ್ ತೆಗೆದ ಕಾಫಿ ಕುಡಿದ ದಿನ 75 ನಿಮಿಷ, ನಿಜವಾದ ಕಾಫಿ ಕುಡಿದ ದಿನ 90 ನಿಮಿಷ. ನಮ್ಮ ಮನೆಯವರು ಇದೊಂದನ್ನು ಮಾತ್ರ ಎರಡು ಸಲ ಓದಿಸಿ ಕೇಳಿದ್ರು.

ಓದ್ತಾ ಓದ್ತಾ ನನಗೆ ಒಂದು ಚಟ ಹಿಡಿಯಿತು: ಇದ್ರಲ್ಲಿ ಹೆಂಗಸರು ಎಷ್ಟು ಜನ ಅಂತ ಎಣಿಸುದು. ಒಂದೊಂದೇ ಕಾಲಲ್ಲಿ ತುಳಿದ ಇಬ್ರೂ ಗಂಡಸರು. ಕಾಫಿಯ ಒಂಬತ್ತರಲ್ಲಿ ಇಬ್ರು ಹೆಂಗಸರು. ಬಾಯಿ ಮುಕ್ಕಳಿಸಿದ ಒಂಬತ್ತರಲ್ಲೂ ಇಬ್ರೇ. ಈ ಚಟ ನನಗೆ ಒಬ್ಬಳಿಗೇ ಅಲ್ಲ, ಬೇರೆಯವರೂ ಎಣಿಸಿದ್ದಾರೆ. 2014ರಿಂದ 2020ರ ತನಕ ಕ್ರೀಡಾ ವಿಜ್ಞಾನದ ಆರು ಪತ್ರಿಕೆಗಳಲ್ಲಿ ಬಂದ 5,261 ಲೇಖನಗಳನ್ನು ನೋಡಿದ್ರಂತೆ. ಬರೀ ಗಂಡಸರ ಮೇಲೆ ಮಾಡಿದ್ದು ನೂರಕ್ಕೆ 31. ಬರೀ ಹೆಂಗಸರ ಮೇಲೆ ನೂರಕ್ಕೆ 6. ಕಾರಣ ಎಂತ ಅಂದ್ರೆ, ಹೆಂಗಸರ ಮೈ ತಿಂಗಳಿಡೀ ಒಂದೇ ಹಾಗೆ ಇರುದಿಲ್ಲ, ಲೆಕ್ಕ ಹೆಚ್ಚುಕಮ್ಮಿ ಆಗ್ತದೆ, ಗಂಡಸರದ್ದಾದ್ರೆ ಸುಲಭ. ನಮ್ಮನ್ನು ಬಿಟ್ಟದ್ದು ಯಾವುದಕ್ಕೋ ಅದೇ ಮುಟ್ಟು ನಿಂತಾಗ "ಎಲ್ರಿಗೂ ಹಾಗೇ" ಅಂತ ಒಬ್ಬ ಕೋಚ್ ಹೇಳ್ಬಹುದು, ಹುಡುಗಿ ನಂಬ್ಬಹುದು.

ಈಗ ಅಡಿಗೆ ಕೋಣೆಯ ಲೆಕ್ಕಕ್ಕೆ ಬರುವ. ಅವಳ ಸೈಕಲ್ಲಿನ ಪೆಡಲಿಗೆ ಒಂದು ಮೀಟರ್ ಉಂಟು (ಸೆಕೆಂಡ್ ಹ್ಯಾಂಡ್, ರೇಟು ಕೇಳ್ಬೇಡಿ). ಎಷ್ಟು ವ್ಯಾಟ್ ತುಳಿದ್ಲು ಅಂತ ಅದು ತೋರಿಸ್ತದೆ. ಬಲ್ಬಿನ ವ್ಯಾಟೇ, ಬೇರೆ ಅಲ್ಲ. ಎರಡು ಗಂಟೆ ಸರಾಸರಿ 125 ವ್ಯಾಟ್ ಅಂದ್ರೆ 900 ಕಿಲೋಜೂಲ್ ಕೆಲಸ. ನಮ್ಮ ಮೈ ಒಲೆಯ ಹಾಗೆ, ಸುಟ್ಟದ್ದರಲ್ಲಿ ಕಾಲು ಪಾಲಿಗೂ ಕಮ್ಮಿ ಪೆಡಲಿಗೆ ಹೋಗುದು, ಉಳಿದದ್ದು ಸೆಕೆಯಾಗಿ, ಬೆವರಾಗಿ ಹೋಗುದು. ಒಂದು ಕಿಲೋ ಕ್ಯಾಲೊರಿ ಅಂದ್ರೆ 4.18 ಕಿಲೋಜೂಲ್. ಹಾಗಾಗಿ ಆ ಕಾಲು ಪಾಲೂ ಈ ನಾಲ್ಕೂ ಹೊಡೆದು ಹೋಗಿ, ಮೀಟರಲ್ಲಿ ಎಷ್ಟು ಕಿಲೋಜೂಲ್ ಬಂತೋ ಹತ್ತಿರ ಹತ್ತಿರ ಅಷ್ಟೇ ಕ್ಯಾಲೊರಿ ಖರ್ಚು ಅಂತ ಲೆಕ್ಕ. 900 ಕ್ಯಾಲೊರಿ. ಅನ್ನದ ಲೆಕ್ಕದಲ್ಲಿ ಸುಮಾರು 700 ಗ್ರಾಂ, ಅಕ್ಕಿಯಾಗಿ ಅಳೆದ್ರೆ ಕಾಲು ಕೆಜಿಗಿಂತ ಒಂದು ಮುಷ್ಟಿ ಹೆಚ್ಚು.

ಕಾಲು ಕೆಜಿ ಅಕ್ಕಿ ರಸ್ತೆಯಲ್ಲಿ ಸುಟ್ಟು ಬಂದ ಹುಡುಗಿ ಬೆಳಿಗ್ಗೆ ತಿನ್ನುದು ಎರಡು ನೀರುದೋಸೆ, ಕಾಯಿ ಬೆಲ್ಲ ಬೇಡ. ಮಧ್ಯಾಹ್ನ ಒಂದು ಸೌಟು ಅನ್ನ, ರಾಶಿ ಪಲ್ಯ. ರಾತ್ರಿ ಮಜ್ಜಿಗೆ, ಸೌತೆಕಾಯಿ. ನಾನು ಒಂದು ವಾರ ಎಲ್ಲ ಬರೆದಿಟ್ಟೆ. ದಿನಕ್ಕೆ 1,700 ಕ್ಯಾಲೊರಿ. ಸುಮ್ಮನೆ ಮನೆಯಲ್ಲಿ ಕೂತವಳಿಗಾದ್ರೆ ಅಡ್ಡಿಲ್ಲ. ಅದರಲ್ಲಿ 900 ಸೈಕಲಿಗೆ ಹೋದ್ರೆ ಉಳಿಯುದು 800. ಉಸಿರಾಟಕ್ಕೆ, ಎದೆಬಡಿತಕ್ಕೆ, ಮಿದುಳಿಗೆ, ಎಲುಬಿಗೆ, ಗರ್ಭಕೋಶಕ್ಕೆ, ಕೂದಲಿಗೆ ಎಲ್ಲದಕ್ಕೂ ಸೇರಿ ಅಷ್ಟೇ.

ಈ ಉಳಿದದ್ದರ ಮೇಲೆ ಒಂದು ಒಳ್ಳೆಯ ಸಂಶೋಧನೆ ಉಂಟು, ಮತ್ತೆ ಅದು ಪೂರ್ತಿ ಹೆಂಗಸರ ಮೇಲೆಯೇ ಮಾಡಿದ್ದು. ಅಮೆರಿಕದ ಒಹಾಯೋದಲ್ಲಿ ಆ್ಯನ್ ಲೌಕ್ಸ್ ಎನ್ನುವ ವಿಜ್ಞಾನಿ 2003ರಲ್ಲಿ ಪ್ರಕಟಿಸಿದ್ದು. ಮುಟ್ಟು ಸರಿಯಾಗಿ ಆಗುವ 29 ಹುಡುಗಿಯರು, ಸವಾರರಲ್ಲ, ಸಾಮಾನ್ಯದವರು. ವ್ಯಾಯಾಮದ ಖರ್ಚು ಕಳೆದು, ಕೊಬ್ಬು ಬಿಟ್ಟು ಉಳಿದ ಮೈಯ ಒಂದೊಂದು ಕೆಜಿಗೆ ಎಷ್ಟು ಕ್ಯಾಲೊರಿ ಸಿಗ್ತದೆ ಅಂತ ಲೆಕ್ಕ ಹಾಕಿ ಊಟ ಕೊಟ್ರು. 45 ಸಿಕ್ಕಿದ್ರೆ ಎಲ್ಲ ಸರಿ. 30ರಿಂದ ಕೆಳಗೆ ಇಳಿದದ್ದೇ, ಮುಟ್ಟಿಗೆ ಮಿದುಳು ಕಳಿಸುವ ಹಾರ್ಮೋನಿನ ತಾಳ ತಪ್ಪಿತು. ಎಷ್ಟು ದಿನದಲ್ಲಿ? ಐದೇ ದಿನ. ನಮ್ಮ ಮಗಳಿಗೆ ಕೊಬ್ಬು ಬಿಟ್ಟ ಭಾರ 38 ಕೆಜಿ. ಎಂಟುನೂರನ್ನು 38ರಿಂದ ಭಾಗಿಸಿ ನೋಡಿ. 21. ಐದು ದಿನ ಅಲ್ಲ, ಐದು ತಿಂಗಳು.

ಮನೆಯಲ್ಲಿ ದುಡ್ಡು ಸಾಲದಿದ್ರೆ ನಾವು ಎಂತ ಮಾಡ್ತೇವೆ? ಮಕ್ಕಳ ಫೀಸು, ಕರೆಂಟ್ ಬಿಲ್ಲು ಕಟ್ಟಿ, ಮಾಡಿಗೆ ಹೆಂಚು ಹಾಕುದನ್ನು ಮುಂದಿನ ವರ್ಷಕ್ಕೆ ಅಂತ ಬಿಡ್ತೇವೆ. ಮೈಯೂ ಹಾಗೇ ಮಾಡುದು. ಎದೆ ಬಡಿಯುದನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಬಸಿರಿನ ತಯಾರಿ ನಿಲ್ಲಿಸ್ತದೆ, ಎಲುಬಿನ ರಿಪೇರಿ ನಿಲ್ಲಿಸ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ಒಂದು ಹೆಸರನ್ನೇ ಇಟ್ಟಿತು, ಚಿಕ್ಕದಾಗಿ ರೆಡ್-ಎಸ್ ಅಂತಾರೆ. ಕ್ರೀಡೆ ಮಾಡುವವರಿಗೆ ಶಕ್ತಿ ಸಾಲದೆ ಆಗುವ ತೊಂದರೆ. ಗಂಡು ಮಕ್ಕಳಿಗೂ ಆಗ್ತದೆ, ಆದ್ರೆ ಅವರಿಗೆ ತಿಂಗಳಿಗೊಮ್ಮೆ ತೋರಿಸಿಕೊಡುವ ಗುರುತು ಇಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದ್ರೆ ಕೇಳಿದ್ಲಾ? ಇಲ್ಲ. "ಅಮ್ಮ, ನನ್ನ ನಂಬರ್ ಚಂದ ಬರ್ತಾ ಉಂಟು" ಅಂತ ಜಗಳಕ್ಕೇ ಬಂದ್ಲು. ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ.

ನಂಬರ್ ಅಂದ್ರೆ ಲ್ಯಾಬಿನದ್ದು. ನಮ್ಮ ಹತ್ತಿರ ಮಣಿಪಾಲದಲ್ಲಿ ಹೆಲ್ತ್ ಪ್ರೊಫೆಶನ್ಸ್ ಕಾಲೇಜಿನಲ್ಲಿ ಎಕ್ಸರ್‌ಸೈಸ್ ಆ್ಯಂಡ್ ಸ್ಪೋರ್ಟ್ಸ್ ಸೈನ್ಸ್ ಅಂತ ಒಂದು ವಿಭಾಗವೇ ಉಂಟು. ಸೈಕಲ್ ಹುಡುಗರಿಗೆಲ್ಲ ಈ ಟೆಸ್ಟುಗಳ ಹುಚ್ಚು. ಇವಳೂ ಒಂದು ವರ್ಷ ಮೊದಲು ಒಮ್ಮೆ ಟೆಸ್ಟ್ ಮಾಡಿಸಿದ್ಲು. ಜೂನಿನಲ್ಲಿ ಎರಡನೇ ಸಲ ಮಾಡಿಸುವಾಗ ನಾನೂ ಹೋದೆ. ಮುಖಕ್ಕೆ ಮಾಸ್ಕ್, ಎದೆಗೆ ಪಟ್ಟಿ, ಮೂರು ಮೂರು ನಿಮಿಷಕ್ಕೆ ಪೆಡಲ್ ಭಾರ ಮಾಡ್ತಾ ಹೋಗುದು. ಪ್ರತಿ ಸಲ ಬೆರಳಿಂದ ಒಂದು ಹನಿ ರಕ್ತ. ಕೊನೆಗೆ ಕಣ್ಣು ಮೇಲೆ ಹೋದ ಹಾಗೆ ಆಗಿ ಅವಳು ನಿಲ್ಲಿಸುವಾಗ ನನಗೆ ಹೆರಿಗೆ ಕೋಣೆಯ ನೆನಪಾಯಿತು, ಸುಳ್ಳಲ್ಲ.

ಎರಡು ಸಂಗತಿ ಅಳೆಯುದು. ಒಂದು, ಮೈ ಒಂದು ನಿಮಿಷಕ್ಕೆ ಹೆಚ್ಚಂದ್ರೆ ಎಷ್ಟು ಆಮ್ಲಜನಕ ಬಳಸ್ತದೆ ಅಂತ. ವಿಒಟು ಮ್ಯಾಕ್ಸ್ ಅಂತ ಹೆಸರು. ಇನ್ನೊಂದು, ಎಷ್ಟು ಜೋರು ತುಳಿದ್ರೆ ರಕ್ತದಲ್ಲಿ ಲ್ಯಾಕ್ಟೇಟ್ ಏರ್ಲಿಕ್ಕೆ ಸುರು ಆಗ್ತದೆ ಅಂತ. ನಮ್ಮ ಹೂವಿನ ಕೆಲಸದಲ್ಲಿ ಹೇಳುದಾದ್ರೆ ಹೀಗೆ: ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಹೊಸ ಹುಡುಗಿಯರು ಮೊದಲ ಚೆಂಡನ್ನು ಗಾಳಿಯ ಹಾಗೆ ಕಟ್ತಾರೆ, ಮೂರನೆಯದಕ್ಕೆ ಬರುವಾಗ ಬೆರಳು ಸೋತು ಬಾಳೆನಾರು ಕೈಯಿಂದ ಜಾರ್ತದೆ. ಅತ್ತೆ ಅಟ್ಟೆ ಮುಗಿಯುವ ತನಕ ಒಂದೇ ಹದ. ಎಷ್ಟು ಜೋರು ಕೈ ಓಡ್ತದೆ ಅನ್ನುದು ಮೊದಲನೆಯದ್ದು, ಯಾವ ಹದದಲ್ಲಿ ಅಟ್ಟೆ ಮುಗಿಸ್ಲಿಕ್ಕೆ ಆಗ್ತದೆ ಅನ್ನುದು ಎರಡನೆಯದ್ದು. ಗೆಲ್ಲಿಸುದು ಹೆಚ್ಚಾಗಿ ಎರಡನೆಯದ್ದು. ಮೊದಲು ಹೇಳಿದ ಕಾಯ್ಲ್ ಅವರೇ 1988ರಲ್ಲಿ 14 ರೇಸ್ ಸವಾರರನ್ನು ನೋಡಿದ್ದಾರೆ. ಆಮ್ಲಜನಕದ ಲೆಕ್ಕ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಆದ್ರೆ ಲ್ಯಾಕ್ಟೇಟ್ ಬೇಗ ಏರುವವರು ಒಂದು ಹದದಲ್ಲಿ 29 ನಿಮಿಷಕ್ಕೆ ಸೋತ್ರು, ತಡವಾಗಿ ಏರುವವರು ಅದೇ ಹದದಲ್ಲಿ 60 ನಿಮಿಷ ತುಳಿದ್ರು.

ಮಗಳ ಎರಡೂ ಕಾಗದವನ್ನು ಟೇಬಲ್ಲಿನ ಮೇಲೆ ಹತ್ತಿರ ಹತ್ತಿರ ಇಟ್ಟು ಕೂತೆ. ಹಿಂದಿನ ವರ್ಷ 52 ಕೆಜಿ ಇದ್ದಾಗ 48. ಈಗ 47 ಕೆಜಿ ಇರುವಾಗ 51. ಅವಳು ಚಂದ ಅಂದದ್ದು ಇದನ್ನೇ. ಆದ್ರೆ ಅದು ಕೆಜಿಗೆ ಭಾಗಿಸಿದ ನಂಬರು. ಭಾಗಿಸದೆ ನೋಡಿದ್ರೆ ಮೊದಲು ನಿಮಿಷಕ್ಕೆ ಎರಡೂವರೆ ಲೀಟರ್, ಈಗ 2.4. ಇಂಜಿನ್ ಸಣ್ಣದಾಗಿದೆ, ಗಾಡಿ ಅದಕ್ಕಿಂತ ಹೆಚ್ಚು ಸಣ್ಣದಾದ್ದರಿಂದ ಕಾಗದದಲ್ಲಿ ಚಂದ ಕಾಣ್ತದೆ. ಲ್ಯಾಕ್ಟೇಟ್ ಏರುವ ಮೊದಲಿನ ಶಕ್ತಿ ಆಗ 165 ವ್ಯಾಟ್, ಈಗ 150. ಕೆಜಿಗೆ ಭಾಗಿಸಿದ್ರೆ ಆಗ 3.17, ಈಗ 3.19. ಐದು ಕೆಜಿ ಇಳಿಸಿ, ಐದು ತಿಂಗಳು ಹಸಿದು, ಮುಟ್ಟು ನಿಂತು ಘಾಟಿಯಲ್ಲಿ ಸಿಕ್ಕಿದ ಲಾಭ ಇಷ್ಟು. ಸಪಾಟು ರಸ್ತೆಯಲ್ಲಿ ಅದೂ ಇಲ್ಲ, ಪೂರಾ ನಷ್ಟ.

ಅವಳು ತುಂಬ ಹೊತ್ತು ಆ ಕಾಗದ ನೋಡಿದ್ಲು. ಎಂತ ಹೇಳ್ಲಿಲ್ಲ.

ಸೈಕಲಲ್ಲ, ಈಜುವ ಹುಡುಗಿಯರ ಮೇಲೆ ಒಂದು ಅಧ್ಯಯನ 2014ರಲ್ಲಿ ಬಂದಿದೆ, ಅದನ್ನೂ ತೋರಿಸಿದೆ. 15ರಿಂದ 17 ವರ್ಷದ ಹತ್ತು ಹುಡುಗಿಯರು, ಹನ್ನೆರಡು ವಾರ ಒಂದೇ ತರಬೇತಿ. ಮುಟ್ಟು ಸರಿ ಇದ್ದವರ 400 ಮೀಟರ್ ವೇಗ ನೂರಕ್ಕೆ 8ರಷ್ಟು ಏರಿತು. ಅಂಡಾಶಯದ ಕೆಲಸ ಕುಂದಿದವರದ್ದು ನೂರಕ್ಕೆ ಹತ್ತಿರ ಹತ್ತಿರ 10ರಷ್ಟು ಇಳಿಯಿತು. ಸಣ್ಣ ಅಧ್ಯಯನ, ಒಪ್ತೇನೆ. ಆದ್ರೆ ನೀರಿನಲ್ಲಿ ಅಷ್ಟೇ ಬೆವರು ಸುರಿಸಿ ಹಿಂದೆ ಬಿದ್ದ ಆ ಹುಡುಗಿಯರು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಆಯಿತು.

ನಿಜವಾಗಿ ಅವಳನ್ನು ಬದಲಿಸಿದ್ದು ಈ ಯಾವ ಕಾಗದವೂ ಅಲ್ಲ ಅಂತ ನನಗೆ ಅನಿಸುದು. ಜುಲೈಯಲ್ಲಿ ಅವಳ ಗುರ್ತದ ಒಂದು ಹುಡುಗಿ, ಬಾಗಲಕೋಟೆ ಕಡೆಯವಳು, ರೇಸಿನಲ್ಲಿ ಸಿಕ್ಕಿದ್ದಂತೆ, ಎರಡು ದಿನಕ್ಕೆ ನಮ್ಮಲ್ಲಿಗೆ ಬಂದ್ಲು. ಜೋರು ಮಳೆ, ಸೈಕಲ್ ತೆಗೀಲಿಕ್ಕೆ ಇಲ್ಲ. ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಉಂಡೆ. ನಮ್ಮ ಕುಚ್ಚಲಕ್ಕಿ ಅನ್ನ ನೋಡಿ "ಇದೇನ್ರಿ ಆಂಟಿ, ಇಷ್ಟ ದಪ್ಪ ಅಕ್ಕಿ" ಅಂತ ನಕ್ಕು, ಹುರುಳಿ ಸಾರು ಹಾಕ್ಕೊಂಡು ಮೂರು ಸಲ ಉಂಡ್ಲು. ಮಧ್ಯಾಹ್ನ ಪತ್ರೊಡೆ, ಸಂಜೆ ಗೋಳಿಬಜೆ, ಎಲ್ಲದಕ್ಕೂ "ಇನ್ನೊಂದ್ ಹಾಕ್ರಿ." ತೊಡೆ ಅಂದ್ರೆ ಒರಳುಕಲ್ಲಿನ ಹಾಗೆ. ನಾಚಿಕೆಯೇ ಇಲ್ಲ ಆ ತೊಡೆಯ ಬಗ್ಗೆ. ಮಗಳ ತಟ್ಟೆ ನೋಡಿ ಅವಳು, "ಉಣ್ಣಲಾರದ ಹೆಂಗ ತುಳೀತಿಯವ್ವ? ನಮ್ಮ ಎತ್ತಿಗೂ ಹೊಲಕ್ಕ ಹೋಗೂ ಮುಂದ ಮೇವು ಹಾಕ್ತೀವಿ" ಅಂದ್ಲು. ರೇಸಿನಲ್ಲಿ ಇವಳಿಗಿಂತ ಎಷ್ಟೋ ಮುಂದೆ ಇರುವ ಹುಡುಗಿ. ಆ ರಾತ್ರಿ ನನ್ನ ಮಗಳು ಎರಡನೇ ಸಲ ಅನ್ನ ಹಾಕಿಸಿಕೊಂಡ್ಲು. ಅತ್ತೆ ತುಪ್ಪದ ಗಿಂಡಿ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಾ ಇದ್ರು.

ಡಾಕ್ಟರರ ಹತ್ರ ಹೋಗದೆ ಇರ್ಲಿಲ್ಲ. ಮುಟ್ಟು ನಿಲ್ಲಲಿಕ್ಕೆ ಥೈರಾಯ್ಡ್, ಪಿಸಿಓಡಿ, ಬೇರೆ ಹಾರ್ಮೋನು ಅಂತ ನೂರು ಕಾರಣ ಇರ್ತದೆ, ಎಲ್ಲ ನೋಡಿಯೇ ತೀರ್ಮಾನ ಮಾಡುದು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಮೂರು ತಿಂಗಳು ತಪ್ಪಿದ್ರೆ ನನ್ನ ಈ ಲೆಕ್ಕ ಹಿಡ್ಕೊಂಡು ಕೂರ್ಬೇಡಿ, ತೋರಿಸಿ. ಒಬ್ರು ಅತ್ತಿಗೆ "ಒಂದು ಮಾತ್ರೆ ಉಂಟು, ತೆಗೊಂಡ್ರೆ ತಿಂಗಳು ತಿಂಗಳು ಸರಿಯಾಗಿ ಆಗ್ತದೆ" ಅಂದ್ರು. ಆಗ್ತದೆ, ನಿಜ. ಆದ್ರೆ ಅದು ಮಾತ್ರೆ ತರಿಸಿದ ರಕ್ತಸ್ರಾವ, ಒಳಗಿನ ಕಾರಣ ಹಾಗೇ ಇರ್ತದೆ, ಎಲುಬಿಗೆ ಅದ್ರಿಂದ ರಕ್ಷೆ ಸಿಗುದಿಲ್ಲ, ಮತ್ತೆ ಸರಿ ಆಯಿತಾ ಇಲ್ವಾ ಅಂತ ಗೊತ್ತಾಗುವ ಒಂದೇ ಗುರುತೂ ಮುಚ್ಚಿ ಹೋಗ್ತದೆ. ಹಾಗಾಗಿ ನಾವು ಮಾಡಿದ್ದು ಇಷ್ಟೇ: ಸವಾರಿ ಅರ್ಧ ಮಾಡಿದ್ದು, ಊಟ ಹೆಚ್ಚಿಸಿದ್ದು. 45ರ ಲೆಕ್ಕ ಹಿಡಿದ್ರೆ ಎರಡು ಗಂಟೆ ತುಳಿಯುವ ದಿನ ಅವಳಿಗೆ 2,600 ಬೇಕು. ಅಷ್ಟನ್ನು ಮೂರು ಊಟದಲ್ಲಿ ತುಂಬಿಸ್ಲಿಕ್ಕೆ ಕಷ್ಟ. ಹೊರಡುವ ಮೊದಲು ಒಂದು ನೇಂದ್ರ ಬಾಳೆಹಣ್ಣು, ಬೆಲ್ಲ ಹಾಕಿದ ಅವಲಕ್ಕಿ. ದಾರಿಯಲ್ಲಿ ತಿನ್ಲಿಕ್ಕೆ ಎಳ್ಳುಂಡೆ ಇಲ್ಲವೇ ಖರ್ಜೂರ. ಬಂದ ಕೂಡ್ಲೇ ದೋಸೆ, ಈಗ ಕಾಯಿ ಬೆಲ್ಲದ ಒಟ್ಟಿಗೆ. ಹೆಸರುಕಾಳು, ಹುರುಳಿ, ಮೊಸರು ಅಂತ ಎಲ್ಲ ಹೊತ್ತಿಗೂ ಒಂದೊಂದು. ಹರಿವೆ, ಬಸಳೆ ಇದ್ದ ದಿನ ಲಿಂಬೆಹುಳಿ ಹಿಂಡುದು, ಊಟದ ಬೆನ್ನಿಗೇ ಕಾಫಿ ಚಾ ಕುಡಿಯದೆ ಇರುದು. ಕಬ್ಬಿಣದ ಅಂಶ ಮೈಗೆ ಹಿಡಿಯುದು ಹಾಗಂತೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಅಂತ ಸರಕಾರದ 2019–21ರ ಸಮೀಕ್ಷೆ ಹೇಳ್ತದೆ. ಊಟದ ನಂತರದ ಕಾಫಿ ನಾನೂ ಬಿಟ್ಟೆ. ಅತ್ತೆ ಬಿಡ್ಲಿಲ್ಲ, ಅವರ ಹತ್ರ ಹೇಳುವ ಧೈರ್ಯ ಯಾರಿಗುಂಟು?

ಭಾರ ಏರುವಾಗ ಅವಳಿಗೆ ಸುಲಭ ಆಗ್ಲಿಲ್ಲ. ಕನ್ನಡಿ ಮುಂದೆ ನಿಂತು ಅತ್ತದ್ದು ನಾನು ನೋಡಿದ್ದೇನೆ. ಅದಕ್ಕೇ ಹೇಳುದು, ತೋರ ಆದ್ಲಲ್ಲ ಅಂತ ನೀವು ಪ್ರೀತಿಯಿಂದಲೇ ಕೇಳುದು, ನನಗೆ ಗೊತ್ತುಂಟು, ಆದ್ರೂ ಅದನ್ನು ಬಿಟ್ಟು ಬೇರೆ ಎಂತಾದ್ರೂ ಕೇಳಿ. ಎಷ್ಟು ದೂರ ಹೋಗಿ ಬಂದೆ ಅಂತ ಕೇಳಿ, ಬೇಡ ಅಂದ್ರೂ ಒಂದು ಗಂಟೆ ವಿವರಿಸ್ತಾಳೆ.

ದೀಪಾವಳಿಯ ದಿನ ಎಣ್ಣೆ ಸ್ನಾನಕ್ಕೆ ಎಲ್ರೂ ಎದ್ದಾಗ ಅವಳು ಅಡಿಗೆ ಕೋಣೆಯ ಹೊರಗೆ ನಿಂತು ನಗ್ತಾ ಇದ್ಲು. ಹಬ್ಬದ ದಿನ ಮನೆಯ ಹುಡುಗಿ ಹೊರಗಾದದ್ದಕ್ಕೆ ನಮ್ಮ ಅತ್ತೆ ಸಂತೋಷಪಟ್ಟದ್ದು ಅವರ ಎಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು ಇರ್ಬೇಕು. "ಆಯ್ತಲ್ಲ, ಆಯ್ತಲ್ಲ" ಅಂತ ಎರಡು ಸಲ ಹೇಳಿ, ಅವಳಿಗೆ ಅಂತ ಬೇರೆ ಪಾತ್ರೆಯಲ್ಲಿ ಪಾಯಸ ತೆಗೆದಿಟ್ರು.

ಈಗ 53 ಕೆಜಿ. ಫೆಬ್ರವರಿಯ ಟೆಸ್ಟಿನಲ್ಲಿ 178 ವ್ಯಾಟ್. ಎಲುಬಿನದ್ದು ಮಾತ್ರ ಇನ್ನೂ ಮುಗೀಲಿಲ್ಲ. ಸೈಕಲ್ ತುಳಿಯುವವರಿಗೆ ಮೊದಲೇ ಎಲುಬಿನ ಮೇಲೆ ಭಾರ ಬೀಳುದಿಲ್ಲ, ಕೂತೇ ಮಾಡುವ ಕೆಲಸ ಅಲ್ವಾ. ಅದರ ಮೇಲೆ ಮುಟ್ಟು ನಿಂತ್ರೆ ಎರಡು ಕಡೆಯಿಂದ ಪೆಟ್ಟು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಕೆಳಗಿನ ಭಾಗ ಪ್ರಾಯಕ್ಕೆ ಬೇಕಾದ್ದಕ್ಕಿಂತ ಕಮ್ಮಿ ಬಂದಿದೆ, ವರ್ಷ ಬಿಟ್ಟು ಇನ್ನೊಮ್ಮೆ ನೋಡುವ ಅಂದಿದ್ದಾರೆ. ಇಪ್ಪತ್ತರ ಪ್ರಾಯ ಎಲುಬು ಕೂಡಿಡುವ ಪ್ರಾಯ, ಇನ್ನೂ ಸಮಯ ಉಂಟು. ಹಾರುದು, ಭಾರ ಎತ್ತುದು ಮಾಡ್ಬೇಕಂತೆ. ಸಂಜೆ ಅಂಗಳದಲ್ಲಿ ಹಗ್ಗ ಹಾರ್ತಾಳೆ, ಪಂಪು ಇದ್ರೂ ಗಿಡಗಳಿಗೆ ನೀರು ಬಾವಿಯಿಂದ ಸೇದಿಯೇ ಹೊತ್ತು ಹಾಕುದು. ಮಲ್ಲಿಗೆ ಗಿಡಕ್ಕೆ ಹೆಚ್ಚು ನೀರು ಹಾಕಿ ಕೊಳೆಸ್ತಾಳೆ ಅಂತ ಅತ್ತೆಯ ಹೊಸ ದೂರು. ಸ್ಕ್ಯಾನು ಜುಲೈಗೆ ಉಂಟು.